ಮೂರನೇ ಕಂಪ್ಯೂಟರಿನ ಬೆರಳಗುರುತು

ಮೂರನೇ ಕಂಪ್ಯೂಟರಿನ ಪರದೆಯ ಮೇಲೆ ಕೆಂಪು ಮಣ್ಣಿನ ಬೆರಳಗುರುತೊಂದಿತ್ತು. ಕೆಳಗಿನಿಂದ ಮೇಲಕ್ಕೆ ಎಳೆದ, ಗೇಣುದ್ದದ ಗುರುತು. ಅದಿರಿನ ಲಾರಿಗಳು ಓಡುವ ರಸ್ತೆಯಲ್ಲಿ ನಡೆದು ಬರುವ ಮಕ್ಕಳ ಕೈಗೆ ಈ ಬಣ್ಣ ಅಂಟದೇ ಇರುವುದಿಲ್ಲ.

ಇದು ಕಳೆದ ವರ್ಷದ ಮಾತು. ನಾನು ಹೊಸಪೇಟೆಯವಳು. ಎಂ.ಎಸ್ಸಿ. ಮುಗಿಸಿ ಸಂಡೂರು ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಗೆ ಅತಿಥಿ ಶಿಕ್ಷಕಿಯಾಗಿ ಸೇರಿದ್ದೆ. ಕಂಪ್ಯೂಟರ್ ಕಲಿಸುವುದು ನನ್ನ ಕೆಲಸ. ಆ ಗುರುತು ಮೂಡಿಸಿದ ಒಂಬತ್ತನೇ ತರಗತಿಯ ಹುಡುಗಿಯನ್ನು ಇಲ್ಲಿ ರೇಣುಕಾ ಎಂದು ಕರೆಯುತ್ತೇನೆ. ಅವಳ ನಿಜವಾದ ಹೆಸರು ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚು ಜನರಿಗೆ ಗೊತ್ತಾಗಿದೆ.

ಅಂದು ಅವಳ ತರಗತಿಯ ಮಕ್ಕಳಿಗೆ ಮೊದಲ ಸಲ ಕಂಪ್ಯೂಟರ್ ಮುಂದೆ ಕೂರುವ ಅವಕಾಶ. ಒಂದು ಪಾಠ ತೆರೆದು, ಕೊನೆಯ ಸಾಲು ಓದು ಎಂದು ರೇಣುಕಾಳಿಗೆ ಹೇಳಿದೆ. ಅವಳು ಮೌಸ್ ಕಡೆ ನೋಡಲೂ ಇಲ್ಲ. ತೋರುಬೆರಳಿನಿಂದ ಪರದೆಯನ್ನು ಮೇಲಕ್ಕೆ ತಳ್ಳಿದಳು. ಅದು ಸರಿಯಲಿಲ್ಲ. ಇನ್ನಷ್ಟು ಒತ್ತಿ ತಳ್ಳಿದಳು. ಮನೆಯಲ್ಲಿ ತಾಯಿಯ ಫೋನಿನಿಂದ ಕರೆಂಟ್ ಬಿಲ್ ಕಟ್ಟುವವಳು ಅವಳೇ. ಅವಳು ಕಂಡ ಪರದೆಗಳೆಲ್ಲ ಬೆರಳಿನ ಮಾತು ಕೇಳುವಂಥವು. ಅದು ಪೆದ್ದುತನವಲ್ಲ, ಗೊತ್ತಿದ್ದನ್ನು ಹೊಸ ಜಾಗದಲ್ಲಿ ಬಳಸಿ ನೋಡಿದ್ದು. ಹಾಗೆಂದು ಹೇಳಲು ನಾನು ಅವಳ ಕಡೆ ಹೆಜ್ಜೆ ಹಾಕುವಷ್ಟರಲ್ಲಿ ಬಾಗಿಲ ಬಳಿ ನಗು ಕೇಳಿಸಿತು.

ಗಣಿತದ ಶಿಕ್ಷಕರು ಫೋನ್ ಹಿಡಿದು ನಿಂತಿದ್ದರು. ತರಗತಿಯ ರೀಲ್ಸ್ ಮಾಡಿ ಹಾಕುವುದು ಅವರ ಹವ್ಯಾಸ.

"ಸರ್, ವಿಡಿಯೋ ಬ್ಯಾಡ್ರಿ," ಎಂದೆ.

"ಸಾಲಿ ದಾಖಲೆಗೆ ಬೇಕಾಗ್ತೈತಿ ಬಿಡ್ರಿ ಮೇಡಂ," ಎಂದು ನಗುತ್ತ ಹೋದರು.

ಸಂಜೆ ಬಸ್ಸಿನಲ್ಲಿದ್ದಾಗ ಆ ದಾಖಲೆ ನನ್ನ ಫೋನಿಗೇ ಬಂತು. ನಗುವಿನ ಸದ್ದು ಸೇರಿಸಿ, 'ನಮ್ಮ ಹೈಟೆಕ್ ವಿದ್ಯಾರ್ಥಿನಿ' ಎಂದು ಬರೆದಿದ್ದರು. ಮೊದಲೆಲ್ಲ ಅವಳ ಬೆನ್ನು ಮಾತ್ರ ಕಾಣುತ್ತದೆ. ಕೊನೆಗೆ ನಗು ಕೇಳಿ ಅವಳು ತಿರುಗುತ್ತಾಳೆ. ಆ ಮುಖವನ್ನು ದೊಡ್ಡದು ಮಾಡಿ ನಿಲ್ಲಿಸಿದ್ದರು.

ಆಮೇಲೆ ರೇಣುಕಾ ಶಾಲೆಗೆ ಬರಲಿಲ್ಲ. ಅದೇ ವಾರ ಒಂದು ಮಧ್ಯಾಹ್ನ ಅವಳ ಮನೆಗೆ ಹೋದೆ. ಅವಳ ತಾಯಿ ತೋರಣಗಲ್ಲಿನ ಮೆಸ್ಸೊಂದರಲ್ಲಿ ರೊಟ್ಟಿ ಮಾಡುತ್ತಾರೆ. "ಕುಂದ್ರಿ ಮೇಡಂ," ಎಂದು ಚಾಪೆ ಹಾಸಿದರು.

"ಮೆಸ್ಸಿನಾಗ ನನ್ನ ಜೋಡಿ ಕೆಲಸ ಮಾಡಾಕಿ ಆ ವಿಡಿಯೋ ತೋರಿಸಿದ್ಳ್ರೀ. ಯಾರದೋ ಮಗಳು ಅಂತ ನಾನೂ ನಕ್ಕೆ. ಆಮ್ಯಾಲ ಜಡಿ ನೋಡಿದೆ. ಆ ರಿಬ್ಬನ್ನು ಮುಂಜಾನಿ ನಾನ ಕಟ್ಟಿದ್ದು."

ನನ್ನನ್ನು ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ರೇಣುಕಾ ಗೋಡೆಗೆ ಒರಗಿ ನಿಂತಿದ್ದಳು. "ಅಂಗಡಿ ಮುಂದ ಹಾದ್ರ ಸಾಕು ಮಿಸ್, ಹುಡುಗ್ರು ಗಾಳ್ಯಾಗ ಹಿಂಗ ಬೆರಳಾಡಿಸ್ತಾರ. 'ಬಂದ್ಳು ನೋಡಲೇ ಟಚ್‌ಸ್ಕ್ರೀನು' ಅಂತಾರ. ಸರ್ ಅದನ್ನ ತೆಗೆದ್ರ ಸಾಲಿಗೆ ಬರ್ತೀನಿ. ಇಲ್ಲಾಂದ್ರ ಅವ್ವನ ಕೂಡ ಮೆಸ್ಸಿಗೆ ಹೋಗ್ತೀನಿ."

ಅಲ್ಲಿಂದ ನೇರ ಸ್ಟಾಫ್ ರೂಮಿಗೆ ಹೋದೆ. ಗಣಿತದ ಶಿಕ್ಷಕರೂ ಮುಖ್ಯೋಪಾಧ್ಯಾಯರೂ ಚಹಾ ಕುಡಿಯುತ್ತಿದ್ದರು.

"ಆ ವಿಡಿಯೋ ತೆಗೀರಿ ಸರ್."

"ತಮಾಷಿ ಅದು. ಭಾಳ ತಲಿಗೆ ಹಚ್ಕೋಬ್ಯಾಡ್ರಿ. ಎಷ್ಟು ಮಂದಿ ನೋಡ್ಯಾರ ಗೊತ್ತೇನು?"

"ಅವರವ್ವನೂ ನೋಡ್ಯಾರ."

ಅವರು ಮುಖ್ಯೋಪಾಧ್ಯಾಯರ ಕಡೆ ನೋಡಿದರು. ಮುಖ್ಯೋಪಾಧ್ಯಾಯರು ಲೋಟ ಕೆಳಗಿಟ್ಟು, "ನಮ್ಮ ಸಾಲಿ ಹೆಸರು ನಾಕು ಕಡೆ ಬಂದೈತಲ್ಲ ಮೇಡಂ. ನೀವು ಅತಿಥಿ ಶಿಕ್ಷಕರು, ಇದರಾಗ ಯಾಕ ಬೀಳ್ತೀರಿ?" ಎಂದರು.

ನಾನು ದನಿ ಎತ್ತುವವಳಲ್ಲ. ಅಂದು ಎತ್ತಿದೆನೋ ಏನೋ ನೆನಪಿಲ್ಲ. ಪಕ್ಕದ ತರಗತಿಯ ಗದ್ದಲ ತಟ್ಟನೆ ನಿಂತದ್ದು ಮಾತ್ರ ನೆನಪಿದೆ. "ಸಾಲಿ ಬಿಡೂದ್ರಾಗ ಅದು ಹೋಗಬೇಕು. ಇಲ್ಲಾಂದ್ರ ನಾಳೆ ಅವರವ್ವನ್ನ ಕರ್ಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋಗ್ತೀನಿ. ನನ್ನ ಕೆಲಸ ಹೋದ್ರ ಹೋಗ್ಲಿ," ಎಂದೆ.

ಗಣಿತದ ಶಿಕ್ಷಕರು ವಿಡಿಯೋ ತೆಗೆದುಹಾಕಿದರು. ತೆಗೆಯುವಾಗಲೂ, "ಮೇಡಂ ಮುಂದ ಇನ್ನ ನಗಂಗಿಲ್ಲಪ್ಪಾ," ಎಂದು ನಕ್ಕರು.

ನನಗೆ ಇವತ್ತಿಗೂ ಸಿಟ್ಟು ಬರುವುದು ಆ ನಗುವಿಗೆ. ಫೋನಿನಿಂದ ಮಕ್ಕಳು ಹಾಳಾಗುತ್ತಾರೆ ಎಂದು ಪ್ರಾರ್ಥನೆಯ ಹೊತ್ತಿಗೆ ಭಾಷಣ ಮಾಡುವವರೂ ಅವರೇ. ಕಲಿಸಲೆಂದೇ ಇರುವ ಕೋಣೆಯಲ್ಲಿ ತಪ್ಪು ಮಾಡಲು ಹೆದರಬೇಕಾದರೆ ಆ ಮಕ್ಕಳು ಇನ್ನೆಲ್ಲಿ ಕಲಿಯಬೇಕು? ನಗುವವರ ನಡುವೆ ಕೂತು ಯಾರೂ ಏನನ್ನೂ ಕಲಿತದ್ದನ್ನು ನಾನು ಕಂಡಿಲ್ಲ.

ಮರುದಿನ ಬೆಳಿಗ್ಗೆ ಬಸ್ಸಿಳಿದು ಮೊದಲು ರೇಣುಕಾಳ ಮನೆಗೆ ಹೋದೆ. ವಿಡಿಯೋ ತೆಗೆದುಹಾಕಿದ್ದಾರೆ ಎಂದೆ. ಮಂದಿಯ ಫೋನುಗಳಲ್ಲಿ ಉಳಿದುಕೊಂಡದ್ದನ್ನು ನನ್ನಿಂದ ತೆಗೆಸಲಾಗದು ಎಂದೂ ಹೇಳಿದೆ. ಅವಳು ಚೀಲ ಹೆಗಲಿಗೆ ಹಾಕಿಕೊಂಡಳು. ಇಬ್ಬರೂ ಅಂಗಡಿಯ ಮುಂದೆ ಹಾದಾಗ ಹುಡುಗನೊಬ್ಬ ಬೆರಳೆತ್ತಿದ. ಪಕ್ಕದಲ್ಲಿ ನನ್ನನ್ನು ಕಂಡು ಅದೇ ಬೆರಳಿನಿಂದ ಕಿವಿ ಕೆರೆದುಕೊಂಡ.

ಮೊದಲ ಪಿರಿಯಡ್ ಕಂಪ್ಯೂಟರ್. ರೇಣುಕಾ ಮೂರನೇ ಕಂಪ್ಯೂಟರಿನ ಮುಂದೆ ಕೂತು ಮೌಸ್ ಮೇಲೆ ಕೈಯಿಟ್ಟಳು. ಆಗಲೇ ಹೊರಗೆ ಗಣಿತದ ಶಿಕ್ಷಕರ ದನಿ ಕೇಳಿಸಿತು. ನಾನು ಹೋಗಿ ಬಾಗಿಲಲ್ಲಿ ನಿಂತೆ. ಅವರ ಕೈಯಲ್ಲಿ ಫೋನ್ ಇತ್ತು.

"ಫೋನ್ ಹೊರಗಿಟ್ಟು ಬರ್ರಿ ಸರ್," ಎಂದೆ.

ತಮಾಷೆ ಮಾಡುತ್ತಿದ್ದೇನೆಯೇ ಎಂದು ನನ್ನ ಮುಖ ನೋಡಿದರು. ನಾನು ಬಾಗಿಲಿಗೆ ಅಡ್ಡ ಹಿಡಿದ ಕೈ ತೆಗೆಯಲಿಲ್ಲ.