ಬಾಗಿಲಾಚೆಯ ಅರಸ

ಶಹಾಬಾದಿನ ನಮ್ಮ ಸಣ್ಣ ಚರ್ಚಿನಲ್ಲಿ, ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರದಂದು ಒಂದು ರೂಢಿಯಿದೆ. ಬೇರೆ ಊರಿನವರು ಖರ್ಜೂರದ ಗರಿ ಹಿಡಿದು ಮೆರವಣಿಗೆ ಹೊರಡುತ್ತಾರೆ. ನಾವು ಬಾಗಿಲು ಹಾಕಿಕೊಂಡು ಕೂರುತ್ತೇವೆ. ಒಬ್ಬರು ಮಾತ್ರ ಹೊರಗೆ ನಿಲ್ಲಬೇಕು. ಬಂದಿರುವ ಅರಸ ಯಾರು ಎಂದು ಒಳಗಿನವರು ಹಾಡಿನಲ್ಲೇ ಮೂರು ಸಲ ಕೇಳುತ್ತೇವೆ. ಮೂರನೆಯ ಸಲಕ್ಕೆ ಹೊರಗಿನವರು ಬಾಗಿಲು ತಟ್ಟಿ, ದೇವರೇ ಆ ಅರಸ ಎಂದು ಉತ್ತರ ಹಾಡಿದ ಮೇಲೆಯೇ ಅಗುಳಿ ತೆಗೆಯುವುದು. ಉತ್ತರವಿಲ್ಲದೆ ಬಾಗಿಲು ತೆರೆದದ್ದು ಯಾರ ನೆನಪಿನಲ್ಲೂ ಇರಲಿಲ್ಲ.

ಆ ಹೊರಗಿನ ದನಿ ನಮ್ಮಪ್ಪನದು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ದುಡಿದವರು. ಸುತ್ತಿಗೆಯ ಹಿಡಿಯಿಂದ ಬಾಗಿಲಿಗೆ ಎರಡು ಬಡಿತ, ಒಂದು ಉಸಿರಿನಷ್ಟು ಬಿಡುವು, ಆಮೇಲೆ ಇನ್ನೊಂದು. ಒಳಗೆ ಬಂದ ಕೂಡಲೇ ಅವ್ವ ಕೊಡುವ ಚೆಂಬು ನೀರನ್ನು ಗಟಗಟ ಕುಡಿಯುತ್ತಿದ್ದರು. ಒಮ್ಮೆ ಮಳಖೇಡದ ಕೋಟೆ ತೋರಿಸುತ್ತ ನನಗೆ ಹೇಳಿದ್ದರು: "ನೋಡವ್ವಾ, ಈ ಅರಸರ ಬಾಗಿಲದಾಗ ಮಂದಿ ಕೈಕಟ್ಟಿ ನಿಂತಿದ್ರು. ಈಗ ಆಡು ಮಲಗ್ಯಾವ. ನಮ್ಮ ಅರಸನೇ ಬ್ಯಾರೆ. ಅಂವಾ ತಾನೇ ಬಂದು ಬಾಗಿಲ ಬಡೀತಾನ."

ಕಲ್ಲಿನ ಧೂಳು ಎದೆಯಲ್ಲಿ ಕೂತು ಒಂದು ಮಳೆಗಾಲದಲ್ಲಿ ಅಪ್ಪ ಹೋದರು. ನಲವತ್ತು ವರ್ಷ ಹಾಡಿ ತನ್ನನ್ನು ಒಳಗೆ ಕರೆತಂದವರಿಗೆ ಆ ಅರಸ ಒಂದು ಉಸಿರು ಹೆಚ್ಚಿಗೆ ಕೊಡಲಿಲ್ಲ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಅವನ ಮೇಲಿನ ಸಿಟ್ಟು ಈಗಲೂ ಪೂರ್ತಿ ಹೋಗಿಲ್ಲ.

ಮುಂದಿನ ಗರಿಗಳ ಭಾನುವಾರ ಹತ್ತಿರವಾದಾಗ ಸಭೆಯ ಹಿರಿಯರು ಮನೆಗೆ ಬಂದರು.

"ಈ ಸಲ ಹೊರಗ ಯಾರ್ ನಿಂದರ್ತಾರವ್ವಾ?"

"ನಮ್ಮ ಮನ್ಯಾಗಿನವರೇ ನಿಂದರ್ತಾರ. ನೀವು ಚಿಂತಿ ಮಾಡಬ್ಯಾಡ್ರಿ," ಎಂದೆ.

ಹೇಳುವಾಗಲೇ ಯಾರನ್ನೂ ಕಳಿಸಬಾರದೆಂದು ತೀರ್ಮಾನಿಸಿದ್ದೆ. ಮೂರು ಸಲ ಕೇಳಲಿ, ಮೂರು ಸಲವೂ ಹೊರಗೆ ಯಾರೂ ಇಲ್ಲದಿರಲಿ. ಅಪ್ಪ ಇಲ್ಲ ಎನ್ನುವುದು ಎಲ್ಲರ ಕಿವಿಗೂ ಬೀಳಲಿ, ಆ ಅರಸನ ಕಿವಿಗೂ ಬೀಳಲಿ. ಈ ಮಾತನ್ನು ಅವ್ವನಿಗೂ ಹೇಳಲಿಲ್ಲ.

ಅಂದು ಬೆಳಿಗ್ಗೆ ಅಪ್ಪನ ಸುತ್ತಿಗೆ ಅಡುಗೆಮನೆಯ ಮೂಲೆಯಲ್ಲಿ ಎಂದಿನಂತೆ ಬಿದ್ದಿತ್ತು. ಕಣ್ಣಾರೆ ನೋಡಿಯೇ ಮನೆಗೆ ಬೀಗ ಹಾಕಿದೆ.

ಒಂಬತ್ತಕ್ಕೆಲ್ಲ ಬಿಸಿಲು ಏರಿತ್ತು. ಬಾಗಿಲು ಮುಚ್ಚಿದರು, ನಾನು ಹಾರ್ಮೋನಿಯಂ ಹಿಡಿದೆ. ಮೊದಲ ಸಲ ಕೇಳಿದೆವು. ಎರಡನೆಯ ಸಲ ಕೇಳಿದೆವು. ಪ್ರತಿ ವರ್ಷ ಈ ಹೊತ್ತಿಗೆ ಹೊರಗಿನಿಂದ ಅಪ್ಪನ ಕೆಮ್ಮು ಕೇಳುತ್ತಿತ್ತು. ಈಗ ಗಾಳಿ ಇಲ್ಲ, ರೈಲಿನ ಸದ್ದಿಲ್ಲ, ಖಣಿಗೆ ರಜೆ. ಮೂರನೆಯ ಸಲ ಕೇಳಿ ಹಾಡು ನಿಂತಿತು. ಹಿರಿಯರು ನನ್ನತ್ತ ತಿರುಗಿದರು. ನಾನು ತಲೆ ಎತ್ತಲಿಲ್ಲ. ಬಯಸಿದ ಮೌನ ಸಿಕ್ಕಿತ್ತು, ಆದರೆ ಅದನ್ನು ತಾಳಿಕೊಳ್ಳಲು ನನ್ನಿಂದಲೇ ಆಗಲಿಲ್ಲ. ಅಪ್ಪಾ ಎಂದು ಕೂಗಿಬಿಡಬೇಕು ಅನಿಸಿತು.

ಬಾಗಿಲಿಗೆ ಎರಡು ಬಡಿತ ಬಿದ್ದವು. ಬಿಡುವು. ಆಮೇಲೆ ಇನ್ನೊಂದು.

ಉತ್ತರವನ್ನು ಯಾರೂ ಹಾಡಲಿಲ್ಲ. ಹಿರಿಯರೇ ಹೋಗಿ ಅಗುಳಿ ತೆಗೆದರು. ಹೊಸ್ತಿಲಾಚೆ ಬರೀ ಫರಸಿ, ಅದರ ಮೇಲೆ ಬಿಳಿ ಬಿಸಿಲು. ಖಣಿಯವರೆಗೂ ಕಾಣುವ ಬಯಲಿನಲ್ಲಿ ಒಂದು ನಾಯಿಯೂ ಇರಲಿಲ್ಲ. ಹೆಂಗಸರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ನನ್ನ ಬೆರಳು ಒಂದೇ ಸ್ವರದ ಮೇಲೆ ಉಳಿದು, ತಿದಿಯ ಗಾಳಿ ತೀರುವವರೆಗೆ ಹಾರ್ಮೋನಿಯಂ ಕೂಗುತ್ತಲೇ ಇತ್ತು.

ಅವ್ವ ಒಬ್ಬಳೇ ಎದ್ದಳು. ಹೊರಗೆ ನಿಂತವರಿಗೆಂದು ಈ ವರ್ಷವೂ ನೀರು ತಂದಿದ್ದಳು. ಚೆಂಬನ್ನು ಹೊಸ್ತಿಲ ಮೇಲಿಟ್ಟು, ಸೆರಗು ಸರಿಮಾಡಿಕೊಂಡು ಹಿಂದಿರುಗುವಾಗ ನನ್ನ ಪಕ್ಕದಲ್ಲಿ ಒಂದು ಗಳಿಗೆ ನಿಂತಳು.

"ಅವರಿಗಿ ಭಾಳ ಹೊತ್ತು ಬಿಸಿಲಾಗ ನಿಂದರಿಸಿದಿ," ಎಂದಳು.