ಸೊಲ್ಲಾಪುರದ ಪ್ಲಾಟ್‌ಫಾರ್ಮಿನಲ್ಲಿ ಉಡಿ

ಅವಳ ಬಳೆಯಿಲ್ಲದ ಮುಂಗೈಯ ಮೇಲೆ ಹಸಿರು ಹಚ್ಚೆಯೊಂದಿತ್ತು. ಚರ್ಮ ಸುಕ್ಕುಗಟ್ಟಿ ಅದರ ಗೆರೆಗಳು ಒಂದರೊಳಗೊಂದು ಸೇರಿಹೋಗಿದ್ದವು. ಅದು ಚೇಳು ಎಂದು ನನ್ನ ನೆನಪು. ಎಡಗೈಯೋ ಬಲಗೈಯೋ ಎಂದರೆ ತಡವರಿಸುತ್ತೇನೆ.

ನಾನು ಅವಳನ್ನು ಮಾಗಳದ ಅವ್ವ ಎನ್ನುತ್ತಿದ್ದೆ. ಅವಳದು ಹೊಳೆದಂಡೆಯ ಮಾಗಳ, ನನ್ನದು ಹಗರಿಬೊಮ್ಮನಹಳ್ಳಿ. ಸಿಕ್ಕಿದ್ದು ಮಾತ್ರ ಹೊಸಪೇಟೆಯಿಂದ ಮುಂಬೈಗೆ ಹೋಗುವ ರೈಲಿನಲ್ಲಿ, ನಾನು ಪುಣೆಯಲ್ಲಿ ಸಂಶೋಧನೆ ಮಾಡುತ್ತಿದ್ದಾಗ. ಗದಗ ದಾಟಿತ್ತೋ ಇಲ್ಲವೋ, ಮುದುಕಿಯೊಬ್ಬಳು ಸೀಟಿನಿಂದ ಸೀಟಿಗೆ ಹೋಗಿ ಗುರುತಿಲ್ಲದ ಹೆಂಗಸರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದಳು: "ನಿಮ್ಮ ಮನಿಯವರು ಅದಾರನ್ರಿ?"

ಗಂಡ ಬದುಕಿದ್ದಾನೆಯೇ ಎಂದು ಕೇಳಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಒಬ್ಬಳು ಮುಖ ತಿರುಗಿಸಿದಳು. ನನ್ನ ಎದುರು ಕೂತಿದ್ದ ಕೊಟ್ಟೂರಿನ ದಪ್ಪನೆಯ ಹೆಂಗಸು ಮಾತ್ರ ಮೇಲಿನ ಬರ್ತಿನತ್ತ ಬೆರಳು ಮಾಡಿದಳು. "ಅದಾರ. ಮ್ಯಾಲೆ ಗೊರಕಿ ಹೊಡಿಯಾಕತ್ತ್ಯಾರ. ಬೇಕಾಗಿದ್ರನ್ರಿ?"

ಅವ್ವ ನಕ್ಕು ಅಲ್ಲೇ ಕೂತಳು. ಆಮೇಲೆ ಎಲ್ಲ ಹೇಳಿದಳು. ಒಬ್ಬಳೇ ಮಗಳು ಜಾತಿ ಬಿಟ್ಟು ಮದುವೆಯಾಗಿ ಸೊಲ್ಲಾಪುರ ಸೇರಿದ್ದಳು. ಸಾಯುವ ಮುಂಚೆ ಅವ್ವನ ಗಂಡ ಅವಳಿಂದ ಆಣೆ ಹಾಕಿಸಿಕೊಂಡಿದ್ದ: ಮಗಳು ಈ ಹೊಸ್ತಿಲು ತುಳಿಯಬಾರದು, ನೀನು ಅವಳ ಹೊಸ್ತಿಲು ತುಳಿಯಬಾರದು. ಅವ್ವ ಆಣೆ ಮುರಿಯಲಿಲ್ಲ. ವರ್ಷಕ್ಕೆರಡು ಸಲ ಅಕ್ಕಿ, ಕೊಬ್ಬರಿ, ಉತ್ತತ್ತಿ, ಕುಪ್ಪಸದ ಖಣ ಗಂಟು ಕಟ್ಟಿಕೊಂಡು ರೈಲು ಹತ್ತುತ್ತಿದ್ದಳು. ಮಗಳು ಸ್ಟೇಷನ್ನಿಗೆ ಬರುತ್ತಿದ್ದಳು. ಅಲ್ಲೇ ಉಡಿ ತುಂಬಿಸಿ, ಬೆಂಚಿನ ಮೇಲೆ ಕೂತು ಮಾತಾಡಿ, ಅವ್ವ ತಿರುಗಿ ಬರುವ ಗಾಡಿಗೆ ಊರಿಗೆ ಮರಳುತ್ತಿದ್ದಳು.

"ಟೇಷನ್ನು ಯಾರ ಮನಿನೂ ಅಲ್ಲ ನೋಡು, ತಮ್ಮಾ" ಎಂದಳು.

ಆದರೆ ಉಡಿ ತುಂಬಲು ಮುತ್ತೈದೆ ಬೇಕು. ವಿಧವೆಯ ಕೈ ಆಗದು. ಊರಿನಿಂದ ಯಾರನ್ನು ಕರೆತಂದರೂ ಸುದ್ದಿ ಬಯಲಾಗುತ್ತದೆ. ಹಾಗಾಗಿ ಪ್ರತಿ ಸಲ ಡಬ್ಬಿಯಲ್ಲಿ ಸಿಕ್ಕವರನ್ನೇ ಹುಡುಕುತ್ತಿದ್ದಳು.

ನಾನು ಎಲ್ಲದಕ್ಕೂ ವಾದ ಹೂಡುವ ವಯಸ್ಸಿನವನು. ಹೆತ್ತ ಕೈಗಿಂತ ಅಪರಿಚಿತಳ ಕೈ ಹೇಗೆ ಹೆಚ್ಚಾಗುತ್ತದೆ ಎಂದು ಕೇಳಿದೆ. ಅವಳು ರೊಟ್ಟಿಗೆ ಶೇಂಗಾ ಚಟ್ನಿ ಹಾಕಿ ನನ್ನ ಕೈಗಿಟ್ಟಳು. "ನಿಂಗ ನಂಬಿಕಿ ಇಲ್ಲ. ನಂಗೂ ಐತೋ ಇಲ್ಲೋ ಗೊತ್ತಿಲ್ಲ. ಆದ್ರ ಆಕಿಗೆ ನಾಳೆ ಏನರ ಆತಂದ್ರ, ನನ್ನ ಕೈಲಿಂದ ಆತು ಅಂತ ನನಗ ಅನಸಬಾರ್ದು."

ನಾನು ರೊಟ್ಟಿ ಮುರಿದು ತಿನ್ನತೊಡಗಿದೆ.

ಸೊಲ್ಲಾಪುರದಲ್ಲಿ ಕೊಟ್ಟೂರಿನ ಹೆಂಗಸು ಗೊರಕೆಯ ಗಂಡನನ್ನು ಬಿಟ್ಟು ಇಳಿದು ಉಡಿ ತುಂಬಿದಳು. ಸೆರಗೊಡ್ಡಿ ನಿಂತ ಮಗಳು ಕೊನೆಗೆ ಒಂದು ಹಿಡಿ ಅಕ್ಕಿ ತೆಗೆದು ಮರಳಿ ಕೊಟ್ಟಳು. ತವರು ಬರಿದಾಗಬಾರದೆಂದು ಹೆಣ್ಣುಮಕ್ಕಳು ಒಂದು ಹಿಡಿ ಅಲ್ಲೇ ಬಿಟ್ಟು ಹೋಗುವ ರೂಢಿಯಿದೆ. ಅವ್ವ ಅಷ್ಟು ಹೊತ್ತೂ ನಲ್ಲಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಳು. ಇಲ್ಲ, ಕಂಬದ ಮರೆಯಲ್ಲಿದ್ದಳು. ಬೆನ್ನು ತಿರುಗಿಸಿದ್ದಂತೂ ನಿಜ.

ಅಂದಿನಿಂದ ಪ್ರತಿ ಸಲ ಹೊರಡುವ ಮುಂಚೆ ಅವಳು ಫೋನು ಮಾಡಿ ನಾನು ಊರಲ್ಲಿದ್ದೇನೆಯೇ ಎಂದು ಕೇಳತೊಡಗಿದಳು. ಇದ್ದರೆ ಒಂದೇ ಗಾಡಿ ಹಿಡಿಯುತ್ತಿದ್ದೆವು. ಮಂಡಿ ನೋವು ಹೆಚ್ಚಾದ ಮೇಲೆ ಮುತ್ತೈದೆ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಗಂಡಸು ಹೋಗಿ ಆ ಪ್ರಶ್ನೆ ಕೇಳಿದರೆ ಏನಾಗುತ್ತದೋ ಅದೆಲ್ಲ ಆಯಿತು. ಅವಳು ಕಿಟಕಿಯ ಪಕ್ಕ ಕೂತು, ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. "ನೀನರ ಒಂದು ಲಗ್ನ ಆಗಿದ್ರ ಈ ಕಷ್ಟ ಇರ್ತಿತ್ತೇನು?"

ಒಂದು ಮುಂಜಾನೆ ಮಗಳು ಫೋನು ಮಾಡಿದಳು. ಅವ್ವ ಹೋಗಿ ವಾರವಾಗಿತ್ತು. ಮಣ್ಣಾದ ಮೇಲೆ ಯಾರೋ ಮಗಳಿಗೆ ತಿಳಿಸಿದ್ದರು. ಇನ್ನು ಹೋಗಿ ಯಾರನ್ನು ನೋಡಲಿ ಎಂದು ಅವಳು ಕೇಳಿದಳು. ನಾನು ಊರಿಗೆ ಬಂದವನು ಮಾಗಳಕ್ಕೆ ಹೋದೆ. ಮನೆಗೆ ಬೀಗ ಬಿದ್ದಿತ್ತು. ಪಕ್ಕದ ಅಂಗಡಿಯಲ್ಲಿ ಅಕ್ಕಿ, ಕೊಬ್ಬರಿ ಕೊಂಡು, ಖಣವೊಂದನ್ನು ಹಡಗಲಿಯಲ್ಲಿ ಆರಿಸಿ, ಅದೇ ಗಾಡಿ ಹತ್ತಿದೆ.

ಬರುತ್ತೇನೆಂದು ಫೋನಿನಲ್ಲಿ ತಿಳಿಸಿದ್ದೆ; ಸೊಲ್ಲಾಪುರದ ಪ್ಲಾಟ್‌ಫಾರ್ಮಿನಲ್ಲಿ ಮಗಳು ಕಾದಿದ್ದಳು. ಮಾತು ಸಾಲದೆ ನಾನು ಆ ಚೇಳಿನ ಹಚ್ಚೆಯ ವಿಷಯ ತೆಗೆದೆ. ಅವಳು ತಲೆಯಾಡಿಸಿದಳು. "ಚೇಳಲ್ರೀ ಅಣ್ಣಾ, ತೊಟ್ಲ ಅದು."

ಇಷ್ಟು ವರ್ಷ ನೋಡಿದ್ದೇನೆಂದುಕೊಂಡದ್ದೇ ತಪ್ಪಾಗಿತ್ತು. ನಾನು ಗಂಟು ಹಿಡಿದು ಡಬ್ಬಿಯ ಬಾಗಿಲಲ್ಲಿ ಹೆಂಗಸರಿಗಾಗಿ ಕಣ್ಣಾಡಿಸಿದೆ. ಅವಳು ಸೆರಗೊಡ್ಡಿದಳು. "ಯಾರ್ನೂ ಕರಿಬ್ಯಾಡ್ರಿ. ನೀವ ತುಂಬ್ರಿ."

ತುಂಬಿದೆ. ಅರ್ಧ ಅಕ್ಕಿ ನೆಲಕ್ಕೆ ಬಿತ್ತು. ಗಾಡಿ ಹೊರಟಾಗ ಅವಳು ಒಂದು ಹಿಡಿ ತೆಗೆದು ನನ್ನ ಅಂಗೈಗೆ ಸುರಿದಳು. "ತವರಾಗ ಇಡ್ರಿ" ಎಂದಳು. ಬೀಗ ಹಾಕಿದ ಮನೆಯ ಬಗ್ಗೆ ನಾನು ಹೇಳಲಿಲ್ಲ.

ಅದನ್ನು ಕರವಸ್ತ್ರದಲ್ಲಿ ಕಟ್ಟಿ ಪುಣೆಯಲ್ಲಿ ಇಟ್ಟುಕೊಂಡಿದ್ದೆ. ಮುಂದಿನ ಸಲ ಹಗರಿಬೊಮ್ಮನಹಳ್ಳಿಗೆ ಬಂದಾಗ ನಮ್ಮ ಅಡುಗೆಮನೆಯ ಅಕ್ಕಿ ಡಬ್ಬಿಗೆ ಸುರಿದೆ. ಅವ್ವ, ನನ್ನ ಅವ್ವ, ನೋಡಿ ಕೇಳಿದಳು: "ಯಾರ ಮನಿ ಅಕ್ಕಿ ಲೇ ಅದು?"

"ನಮ್ಮ ಮನೀದ" ಎಂದೆ.