ಅಕಾಡೆಮಿಗಿಂತ ಮೊದಲಿನ ಮೈದಾನ

ಸೇನಾ ಅಕಾಡೆಮಿಯ ಬಾಗಿಲು ಹೆಣ್ಣುಮಕ್ಕಳಿಗೂ ತೆರೆದಿದೆ ಎಂದು ಹೆಮ್ಮೆಪಡುವ ಗೆಳೆಯರೇ, ನಿಮ್ಮೂರಿನ ಮೈದಾನ ಅವರಿಗೆ ತೆರೆದಿದೆಯೇ?

ಇಂದು ಬೆಳಿಗ್ಗೆ ಹೆದ್ದಾರಿಯ ಕಡೆಯಿಂದ ಲಾರಿಯೊಂದರ ಬ್ರೇಕು ಕಿರುಚಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಕಳೆದ ವರ್ಷದ ಕಾವ್ಯ ಕಣ್ಣೆದುರು ಬಂದಳು.

ಕಾವ್ಯ ನಮ್ಮ ಐಮಂಗಲದ ಹುಡುಗಿ. ಹಿರಿಯೂರಿನ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿ. ಅಕಾಡೆಮಿಯ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು. ಓದಿದರಷ್ಟೇ ಸಾಲದು, ಮೈಯೂ ಗಟ್ಟಿಯಾಗಬೇಕಲ್ಲ! ನಸುಕಿನಲ್ಲಿ ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯ ಮೇಲೆ ಓಡುವಳು. ಹಿಂದೆ ಬೈಕಿನಲ್ಲಿ ಅಪ್ಪ ತಿಪ್ಪೇಸ್ವಾಮಿ. ಊರಿನ ಮೈದಾನ ಸೇನಾ ಭರ್ತಿಗೆ ತಯಾರಾಗುವ ಹುಡುಗರದು. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ. ಬರೆಯದ ನಿಯಮವನ್ನು ಪ್ರಶ್ನಿಸುವುದು ಇನ್ನೂ ಕಷ್ಟ.

ನಾನಾದರೋ ಚಿತ್ರದುರ್ಗದಲ್ಲಿ ಓದುವಾಗ ಸೇನೆಯಲ್ಲಿ ವೈವಿಧ್ಯ ಬೇಕೆಂದು ವಾದಿಸಿ ಚರ್ಚಾಸ್ಪರ್ಧೆಯಲ್ಲಿ ಗೆದ್ದವಳು. ‘ಒಂದೇ ಬಗೆಯ ಮನೆಗಳಿಂದ ಬಂದ ಅಧಿಕಾರಿಗಳು ಹಲವು ಬಗೆಯ ಸೈನಿಕರನ್ನು ಹೇಗೆ ಅರಿತಾರು?’ ಎಂದು ಮೇಜು ಗುದ್ದಿ ಕೇಳಿದ್ದೆ. ಜೋರು ಚಪ್ಪಾಳೆ ಬಿದ್ದಿತ್ತು. ಕೈ ಮಾತ್ರ ಊದಿಕೊಂಡಿತ್ತು.

ಒಂದು ದಿನ ಓಡುತ್ತಿದ್ದ ಕಾವ್ಯಳ ಪಕ್ಕದಲ್ಲೇ ಲಾರಿಯೊಂದು ಬ್ರೇಕು ಕಿರುಚಿಸುತ್ತ ಗಕ್ಕನೆ ನಿಂತಿತು. ಒಳಗಿನಿಂದ ಏನೋ ಕೂಗು, ನಗು. ತಿಪ್ಪೇಸ್ವಾಮಿ ಬೈಕನ್ನು ನಡುವೆ ನುಗ್ಗಿಸಿದ ಮೇಲೆ ಹೊರಟುಹೋಯಿತು. ಸುದ್ದಿ ತಿಳಿದು ಸಂಜೆ ಅವರ ಮನೆಗೆ ಹೋದೆ.

“ಕುಂತ್ಕಳ್ರಿ ಮೇಡಂ. ಓಡೋದು ಇವತ್ತಿಗೆ ಮುಗೀತು,” ಎಂದರು ತಿಪ್ಪೇಸ್ವಾಮಿ.

“ಅವ್ನು ಕೂಗಿದ್ದಕ್ಕೆ ನಾನ್ಯಾಕಪ್ಪ ನಿಲ್ಲಿಸ್ಬೇಕು?” ಕಾವ್ಯ ಬಾಗಿಲಲ್ಲೇ ನಿಂತಿದ್ದಳು.

“ಸುಮ್ಕಿರವ್ವ. ನನ್ ಎದೆ ಇನ್ನೂ ಹೊಡ್ಕಂತೈತೆ.”

ನಾನು ಸಮಾನತೆ, ಅವಕಾಶ, ಸಂವಿಧಾನ ಎಂದು ಕ್ರಮಬದ್ಧವಾಗಿ ವಾದ ಮಂಡಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

“ಎಲ್ಲಾ ದಿಟ ಐತ್ರಿ. ಆದ್ರೆ ಇನ್ಮೇಲೆ ರಸ್ತೆಗಂತೂ ಕಳ್ಸಲ್ಲ. ಮೈದಾನದಾಗೆ ಅಷ್ಟು ಹುಡುಗ್ರ ಮಧ್ಯೆ ಒಬ್ಳೇ ಓಡ್ತಾಳಾ? ನೀವು ಬಂದು ನಿಂತ್ಕಂತೀರಾ?”

ಕಾವ್ಯ ನನ್ನನ್ನೇ ನೋಡುತ್ತಿದ್ದಳು. “ಬರ್ತೀನಿ,” ಎಂದೆ.

ಮರುದಿನ ನಾವಿಬ್ಬರೂ ಮೈದಾನಕ್ಕೆ ಕಾಲಿಟ್ಟೊಡನೆ ಓಡುತ್ತಿದ್ದ ಹುಡುಗರೆಲ್ಲ ನಿಂತರು.

“ಏನ್ ಮೇಡಂ, ನೀವೂ ಭರ್ತಿಗೆ ಬಂದ್ರಾ?” ಒಬ್ಬ ಕೂಗಿದ.

“ಅವ್ರು ಸಾಕ್ಷಿಗೆ ಬಂದವ್ರೆ ಕಣಣ್ಣ. ಸೋತ್ಮೇಲೆ ನೀನು ಇಲ್ಲ ಅನ್ಬಾರ್ದಲ್ಲ!” ಎಂದಳು ಕಾವ್ಯ.

ಯಾರೋ ನಕ್ಕರು. ಕೂಗಿದವನೇ ಮುಖ ಗಂಟಿಕ್ಕಿಕೊಂಡು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದ. ಆ ಅರ್ಧ ಹೆಜ್ಜೆಯ ಜಾಗದಲ್ಲಿ ಅವಳು ಓಡತೊಡಗಿದಳು. ಅವಳು ಪ್ರತಿ ಸುತ್ತು ಮುಗಿಸಿ ಬರುವವರೆಗೂ ನಾನು ಅಲ್ಲೇ ನಿಂತಿದ್ದೆ.

ಪ್ರವೇಶ ಪರೀಕ್ಷೆ ಪಾಸಾಗಿ ಇಂದು ಕಾವ್ಯ ಆಯ್ಕೆ ಮಂಡಳಿಯ ಎದುರು ಕುಳಿತಿದ್ದಾಳೆ. ಇನ್ನೂ ಫೋನು ಬಂದಿಲ್ಲ. ಸೇನೆಯ ಪ್ರವೇಶದಲ್ಲಿ ವೈವಿಧ್ಯ ಬೇಕೆಂದು ನಾನು ಈಗಲೂ ವಾದಿಸುತ್ತೇನೆ. ಆದರೆ ಯಾರನ್ನು ಕೈಬಿಡಬೇಕೆಂಬ ತೀರ್ಮಾನವನ್ನು ಮಂಡಳಿಗಿಂತ ಎಷ್ಟೋ ಮೊದಲು ನಮ್ಮೂರುಗಳೇ ಮಾಡಿಬಿಟ್ಟಿರುತ್ತವೆ.

ಆದ್ದರಿಂದ ನನ್ನದೊಂದು ಬೇಡಿಕೆ. ಓಡಬೇಕೆನ್ನುವ ಹುಡುಗಿ ನಿಮ್ಮ ಬೀದಿಯಲ್ಲಿದ್ದರೆ, ನಾಳೆ ಬೆಳಿಗ್ಗೆ ಅವಳೊಡನೆ ಮೈದಾನಕ್ಕೆ ಹೋಗಿ. ಅವಳು ಓಡಿ ಮುಗಿಸುವವರೆಗೆ ಅಲ್ಲೇ ನಿಂತಿರಿ.